ನಾಲ್ಕು ಬಲ್ಬಿನ ಕೆಳಗಿನ ಸೇವಂತಿಗೆ

ಗಿಡ ಬಿಳಿಚಿಕೊಳ್ಳತೊಡಗಿದ್ದು ಯುಗಾದಿಗೆ ಮುಂಚೆ. ಮೊದಲು ತಳದ ಎಲೆಗಳು ಹಳದಿಯಾದವು. ಆಮೇಲೆ ಕಾಂಡ ಉದ್ದಕ್ಕೆ ಎಳೆದುಕೊಂಡು ಬಾಗಿಲ ಕಡೆಗೆ ವಾಲಿತು. ಚಿಕ್ಕನಿಂಗಮ್ಮ ದಿನಕ್ಕೊಮ್ಮೆ ಕುಂಡವನ್ನು ತಿರುಗಿಸಿ ಇಡುತ್ತಿದ್ದಳು. ಮಾರನೆಯ ದಿನ ನೋಡಿದರೆ ಅದು ಮತ್ತೆ ಬಾಗಿಲ ಕಡೆಗೇ ವಾಲಿರುತ್ತಿತ್ತು.

"ಈಚೆಗೆ ತಂದಿಡನ ಕಣಮ್ಮಿ. ಜಗಲಿ ಮ್ಯಾಲೆ ಒಸಿ ಬಿಸ್ಲು ಬೀಳ್ತದೆ," ಎಂದ ಅವಳ ಗಂಡ ಶಿವರಾಮು.

"ಕೋತಿಗಳು ಬಂದ್ರೆ?"

ಅಷ್ಟೇ ಅವಳ ಮಾತು. ಐದು ತಿಂಗಳಿಂದ ಅವಳ ಬಾಯಲ್ಲಿ ಒಂದೆರಡು ಪದಕ್ಕಿಂತ ಹೆಚ್ಚು ಬಂದಿದ್ದಿಲ್ಲ.

ಅವರ ಒಬ್ಬಳೇ ಮಗಳು ಶಿವರಂಜಿನಿ ಬಿಕಾಂ ಎರಡನೇ ವರ್ಷದಲ್ಲಿದ್ದಳು. ಹೋದ ಕಾರ್ತಿಕದಲ್ಲಿ ಜ್ವರ ಅಂತ ಮಲಗಿದವಳು ಒಂಬತ್ತನೇ ದಿನಕ್ಕೆ ಇರಲಿಲ್ಲ. ಚಾಮರಾಜನಗರದ ಆ ಬಾಡಿಗೆ ಮನೆಯ ತಾರಸಿಯಲ್ಲಿ ಅವಳು ಎಂಟು ಕುಂಡ ಇಟ್ಟಿದ್ದಳು. ಏಳನ್ನು ಕೋತಿಗಳು ಒಂದೇ ಬೆಳಿಗ್ಗೆ ಕಿತ್ತು ಹಾಕಿದವು. ಉಳಿದ ಒಂದನ್ನು ಅವಳೇ ಎದೆಗೆ ಅವುಚಿಕೊಂಡು ಕೆಳಗೆ ತಂದು ತನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದಳು. ಅದು ಭೀಮನಬೀಡಿನ ಸೋದರಮಾವನ ಹೊಲದ ಬದುವಿನಿಂದ ತಂದ ಸೇವಂತಿಗೆಯ ಮರಿ. ಹಳೆಯ ಜಾತಿ. ಸಣ್ಣ ಹೂವು, ಅರಿಸಿನದ ಬಣ್ಣ, ಒಂದು ಹೂವಿಟ್ಟರೆ ಮನೆ ತುಂಬ ವಾಸನೆ. ಮಾರುಕಟ್ಟೆಯಲ್ಲಿ ಕೇಳುವವರಿಲ್ಲವೆಂದು ಈಗ ಯಾರೂ ಅದನ್ನು ಬೆಳೆಯುವುದಿಲ್ಲ. "ನಮ್ಮಜ್ಜಿ ಮುಡೀತಿದ್ದ ಹೂವಂತೆ ಕಣವ್ವ, ಬುಡ್ಲಿ, ನಿನ್ ತಲೆಗೇ ಮೊದ್ಲು," ಎಂದಿದ್ದಳು ತಾಯಿಗೆ. ಅದು ಹೂ ಬಿಟ್ಟಿದ್ದನ್ನು ಅವಳು ನೋಡಲಿಲ್ಲ. ಅವಳು ಹೋದಾಗ ಅದಕ್ಕೆ ನಾಲ್ಕು ಎಲೆ ಇದ್ದವು.

ಆ ಕೋಣೆ ಮೊದಲು ದಿನಸಿ ಇಡುವ ಕೋಣೆಯಾಗಿತ್ತು. ಅಡುಗೆಮನೆಯ ಹಿಂದೆ, ಕಿಟಕಿ ಇಲ್ಲ. ಒಂದು ಮಂಚ, ಒಂದು ಮೇಜು, ಗೋಡೆಯಲ್ಲಿ ಈಗ ಒಂದು ಫೋಟೊ. ಗಿಡ ಆ ಫೋಟೊದ ಕೆಳಗೆ ಇರಬೇಕು, ಅವಳ ಕೋಣೆಯ ಹೊಸಿಲು ದಾಟಬಾರದು. ಚಿಕ್ಕನಿಂಗಮ್ಮ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಶಿವರಾಮು ಒಮ್ಮೆ ಕುಂಡಕ್ಕೆ ಕೈ ಹಾಕಿದಾಗ ಅವಳು ನೋಡಿದ ನೋಟದಲ್ಲಿ ಅವನಿಗೆ ಗೊತ್ತಾಗಿತ್ತು.

ಒಂದು ಸಂಜೆ ಅವಳು ತಾನಾಗಿಯೇ ಮಾತಾಡಿದಳು.

"ಕಾರ್ತಿಕಕ್ಕೆ ವರ್ಸದ ಎಡೆ ಇಡ್ಬೇಕಲ್ಲ, ಅಷ್ಟೊತ್ಗೆ ಇದು ಹೂ ಬುಡ್ತದಾ?"

"ಬುಡ್ತದೆ."

"ಈ ಹೂವ್ನೇ ಅವಳ ಸಮಾಧಿಗೆ ಇಡ್ಬೇಕು. ಬ್ಯಾರೆ ಹೂವ ನಾ ಮುಟ್ಟಾಕಿಲ್ಲ."

ಐದು ತಿಂಗಳಲ್ಲಿ ಅವಳು ಕೇಳಿದ್ದು ಇದೊಂದೇ. ಶಿವರಾಮು ತಲೆಯಾಡಿಸಿದ. ಬೆಳಕು ಗಿಡದ ಹತ್ತಿರಕ್ಕೆ ಬರದಿದ್ದರೆ ಬೆಳಕನ್ನು ತಾನು ತರಬಹುದು. ಮೂವತ್ತು ವರ್ಷದಿಂದ ಅವನು ಮಾಡಿಕೊಂಡು ಬಂದದ್ದೇ ಅದು.

ಪೇಟೆಯಲ್ಲಿ ಅವನದು ಬಲ್ಬು, ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಸಣ್ಣ ಅಂಗಡಿ. ಒಂದು ಕಾಲಕ್ಕೆ ಸುತ್ತಮುತ್ತಲ ಹಳ್ಳಿಯವರೆಲ್ಲ ಕೆಟ್ಟ ಸಿಎಫ್ಎಲ್ ಬಲ್ಬುಗಳನ್ನು ಚೀಲದಲ್ಲಿ ತುಂಬಿಕೊಂಡು ಅವನಲ್ಲಿಗೆ ಬರುತ್ತಿದ್ದರು. ಬುಡ ಬಿಚ್ಚಿ, ಉಬ್ಬಿದ ಕಂಡೆನ್ಸರ್ ಕಿತ್ತು ಹೊಸದು ಬೆಸೆದರೆ ಬಲ್ಬು ಇನ್ನೊಂದು ವರ್ಷ ಬದುಕುತ್ತಿತ್ತು. ಎಲ್ಇಡಿ ಬಂದ ಮೇಲೆ ಅದೆಲ್ಲ ನಿಂತಿತು. ಅಟ್ಟದ ಮೇಲೆ ಒಂದು ಗೋಣಿಚೀಲ ಹಾಗೇ ಉಳಿದಿತ್ತು. ಅದರಲ್ಲಿ ರಿಪೇರಿ ಮಾಡಿಸಿಕೊಂಡು ವಾಪಸ್ ಒಯ್ಯದವರ ಬಲ್ಬುಗಳು, ಮಾರಾಟವಾಗದ ಹೊಸವು, ಎಲ್ಲ ಸೇರಿ ನಲವತ್ತರ ಮೇಲೆ. ಅವನು ಒಂದೊಂದನ್ನೂ ಹೋಲ್ಡರಿಗೆ ಹಾಕಿ ಉರಿಸಿ ನೋಡಿದ. ಕಣ್ಣು ಮಿಟುಕಿಸುವವನ್ನು ಪಕ್ಕಕ್ಕಿಟ್ಟ. ಬುಡ ಕಪ್ಪಾದವನ್ನು ಎಸೆದ. ಇಪ್ಪತ್ಮೂರು ವ್ಯಾಟಿನ, ಸುರುಳಿ ಕೊಳವೆಯ, ಬಿಳಿ ಬೆಳಕಿನ ನಾಲ್ಕನ್ನು ಆರಿಸಿಕೊಂಡ.

ಒಂದು ಬೀಟೆ ಹಲಗೆ, ಅದರ ಮೇಲೆ ಗೇಣಿಗೊಂದರಂತೆ ನಾಲ್ಕು ಹೋಲ್ಡರು. ಒಂದು ಬಲ್ಬು ಹೋದರೂ ಉಳಿದವು ಉರಿಯುವಂತೆ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ವೈರ್ ಎಳೆದ. ಬೆಳಕು ಗೋಡೆಯ ಪಾಲಾಗದೆ ಗಿಡದ ಮೇಲೇ ಬೀಳಲಿ ಎಂದು ಪ್ಲೈವುಡ್ಡಿನಲ್ಲಿ ಮೂರು ಕಡೆ ಗೋಡೆ ಇರುವ ಗೂಡು ಮಾಡಿ, ಒಳಗೆಲ್ಲ ಬೆಳ್ಳಿ ಕಾಗದ ಅಂಟಿಸಿದ. ಗಿಡ ಬೆಳೆದ ಹಾಗೆ ಹಲಗೆಯನ್ನು ಮೇಲೆತ್ತಲು ಎರಡು ಕಡೆ ಸರಪಳಿ. ಬಿಸಿ ಹೊರಗೆ ಹೋಗಲು ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನು. ಕೊನೆಗೆ ಎಲೆಯ ತುದಿಯಿರುವ ಎತ್ತರದಲ್ಲಿ ಅಂಗೈ ಇಟ್ಟು, ನೂರು ಎಣಿಸುವವರೆಗೂ ಹಿಡಿದು ನೋಡಿದ. ಕೈ ಸುಡಲಿಲ್ಲ. ನಾಲ್ಕು ಬೆರಳು ಅಂತರ ಸರಿಯಾಗಿತ್ತು.

ಬೆಳಕು ಎಷ್ಟು ಹೊತ್ತು ಇರಬೇಕೆಂದು ಫೋನಿನ ವಿಡಿಯೊ ಒಂದರಲ್ಲಿ ಒಬ್ಬ ಹಿಂದಿಯಲ್ಲಿ ಹೇಳುತ್ತಿದ್ದ. ಅವನು ಬೆಳೆಯುತ್ತಿದ್ದುದು ಸೊಪ್ಪು. ಹದಿನೆಂಟು ಗಂಟೆ ಬೆಳಕು, ಆರು ಗಂಟೆ ಕತ್ತಲು ಎಂಬಷ್ಟು ಶಿವರಾಮುವಿಗೆ ಅರ್ಥವಾಯಿತು. ಹೂವಿನ ಬಗ್ಗೆ ಮುಂದೆ ಏನೋ ಹೇಳುತ್ತಿದ್ದ. ಅಷ್ಟರಲ್ಲಿ ಯಾರೋ ಮಿಕ್ಸಿ ತಂದರು.

ಸ್ವಿಚ್ ಹಾಕುವ ಸೋಮವಾರ ಚಿಕ್ಕನಿಂಗಮ್ಮ ತಲೆಗೆ ಸ್ನಾನ ಮಾಡಿದ್ದಳು. ಕೋಣೆಯನ್ನು ಸಾರಿಸಿ ಗೂಡಿನ ಮುಂದೆ ರಂಗೋಲಿ ಎಳೆದಿದ್ದಳು. ಸ್ವಿಚ್ಚಿಗೆ ಅರಿಸಿನ ಕುಂಕುಮ ಇಟ್ಟದ್ದನ್ನು ನೋಡಿ ಶಿವರಾಮುವಿಗೆ ನಗು ಬಂತು.

"ನಿಮ್ ಕೈನೂ ಮಡಗಿ," ಎಂದಳು.

ಅವಳ ಬೆರಳಿನ ಮೇಲೆ ಅವನ ಬೆರಳು. ನಾಲ್ಕು ಬಲ್ಬೂ ಒಂದು ಕ್ಷಣ ತಡೆದು, ಮಂಕಾಗಿ ಹತ್ತಿ, ನಿಧಾನವಾಗಿ ಬೆಳ್ಳಗಾದವು. ಬೆಳ್ಳಿ ಕಾಗದದ ನಡುವೆ ಆ ಬಡಕಲು ಗಿಡ ಗರ್ಭಗುಡಿಯಲ್ಲಿ ನಿಂತಂತೆ ಕಂಡಿತು. ಮೇಲೆ ಫೋಟೊದಲ್ಲಿ ಮಗಳ ಮುಖಕ್ಕೂ ಬೆಳಕು ಬಿತ್ತು. ಚಿಕ್ಕನಿಂಗಮ್ಮ ಕೈ ಮುಗಿದಳು.

"ಮಾದಪ್ಪ, ಇದು ನನ್ ಮಗಳ ದೀಪ. ಇದ್ನ ಶಾಂತ ಮಾಡಾದು ಇವಳ ಗಿಡದ ಮೊದಲ್ನೇ ಹೂವ್ನಲ್ಲೇ. ಅಲ್ಲಿಗಂಟ ಇದು ಆರಬಾರ್ದು, ನಾವು ಆರಿಸಾಕಿಲ್ಲ."

ದೇವರ ಮುಂದೆ ಹಚ್ಚಿದ ದೀಪವನ್ನು ಅವರ ಮನೆಯಲ್ಲಿ ಯಾರೂ ಬಾಯಿಂದ ಊದಿ ಆರಿಸಿದವರಲ್ಲ. ಒಂದು ಹೂವನ್ನು ತೆಗೆದುಕೊಂಡು ಕುಡಿಗೆ ಮೆಲ್ಲಗೆ ಮುಟ್ಟಿಸಿ ಶಾಂತ ಮಾಡುವುದು ಅವಳ ತಾಯಿ ಕಲಿಸಿದ ರೀತಿ. ಇದು ಬತ್ತಿಯ ದೀಪವಲ್ಲ, ಕರೆಂಟಿನದು ಎಂದು ಶಿವರಾಮು ಹೇಳಬಹುದಿತ್ತು. ಆರು ಗಂಟೆ ಕತ್ತಲು ಬೇಕಂತೆ ಎಂದೂ ಹೇಳಬಹುದಿತ್ತು. ಅವಳ ಬಾಯಲ್ಲಿ ಒಂದೇ ಉಸಿರಿಗೆ ಅಷ್ಟು ಮಾತು ಬಂದದ್ದನ್ನು ಕೇಳಿ ಅವನು ಸುಮ್ಮನಾದ. ಸುಮ್ಮನಾಗಿದ್ದಷ್ಟೇ ಅಲ್ಲ, ಮಾರನೆಯ ದಿನ ಅಂಗಡಿಯಿಂದ ಹಳೆಯ ಇನ್ವರ್ಟರ್ ತಂದು ಕೂಡಿಸಿದ. ಕರೆಂಟ್ ಹೋದರೂ ಮಗಳ ದೀಪ ಆರದಿರಲಿ ಎಂದು.

ಗಿಡ ಚೇತರಿಸಿಕೊಂಡಿತು. ವೈಶಾಖಕ್ಕೆ ಹೊಸ ಚಿಗುರು, ಆಷಾಢಕ್ಕೆ ಬುಡದಿಂದ ಆರು ಮರಿ. ಎಲೆ ಒಂದೊಂದೂ ಕಡುಹಸಿರಾಗಿ ದಪ್ಪಗಾಯಿತು. ಶಿವರಾಮು ಸರಪಳಿಯನ್ನು ಎರಡು ಕೊಂಡಿ, ಆಮೇಲೆ ಮತ್ತೆರಡು ಕೊಂಡಿ ಮೇಲೆತ್ತಿದ. ಚಿಕ್ಕನಿಂಗಮ್ಮ ಹೆಚ್ಚು ಹೊತ್ತು ಅಲ್ಲೇ ಕೂರುತ್ತಿದ್ದಳು. ಅಡುಗೆ ಮಾಡುತ್ತ ಮಾಡುತ್ತ ಒಳಗೆ ಹೋಗಿ ಏನೋ ಹೇಳಿ ಬರುತ್ತಿದ್ದಳು. ಒಮ್ಮೆ ಅವನು ಹೊಸಿಲಲ್ಲಿ ನಿಂತು ಕೇಳಿಸಿಕೊಂಡ. "ನಿಮ್ಮಪ್ಪ ಇವತ್ತು ಎರಡು ಮುದ್ದೆ ಉಂಡ್ರು ಕಣವ್ವ," ಎನ್ನುತ್ತಿದ್ದಳು.

ಮಹಡಿಯಲ್ಲಿದ್ದ ಮನೆಯೊಡತಿ ದಾನೇಶ್ವರಿ ಬಾಡಿಗೆ ವಸೂಲಿಗೆ ಇಳಿದು ಬಂದಾಗಲೆಲ್ಲ ಒಳಗೆ ಇಣುಕುತ್ತಿದ್ದಳು.

"ಇದೇನ್ ಶಿವರಾಮಣ್ಣ, ಗಿಡಕ್ಕೆ ಐಸಿಯು ಮಾಡ್ಬುಟ್ಟಿದ್ದೀರಿ! ನಮ್ ತವರ್ಮನೇಲಿ ಬಾವಿಕಟ್ಟೆ ಪಕ್ಕ ಬಿಸಾಕಿದ್ ಸೇವಂತಿಗೆ ಹೆಂಗೆ ಬೆಳ್ದದೆ ಗೊತ್ತಾ?"

"ಅದು ನಿಮ್ಮನೇದು ಕಣಕ್ಕ," ಎಂದಳು ಚಿಕ್ಕನಿಂಗಮ್ಮ.

ಮಹಾಲಯ ಅಮಾವಾಸ್ಯೆಗೆ ಹೆಂಡತಿಯ ತವರಿನವರು ಇಡುವ ಹಿರಿಯರ ಎಡೆಗೆ ಶಿವರಾಮು ಒಬ್ಬನೇ ಭೀಮನಬೀಡಿಗೆ ಹೋದ. ದೀಪ ಬಿಟ್ಟು ಚಿಕ್ಕನಿಂಗಮ್ಮ ಮನೆಯಿಂದ ಕದಲುತ್ತಿರಲಿಲ್ಲ. ಊಟವಾಗಿ, ಸಂಜೆ ಅವಳ ತಮ್ಮ ನಾಗಯ್ಯ ಹೊಲಕ್ಕೆ ಕರೆದುಕೊಂಡು ಹೋದ. ಹೊತ್ತು ಮುಳುಗುತ್ತಿದ್ದ ಹಾಗೇ ನಾಗಯ್ಯ ಪಂಪಿನ ಮನೆಯ ಸ್ವಿಚ್ ಒತ್ತಿದ. ಅರ್ಧ ಎಕರೆ ಸೇವಂತಿಗೆಯ ಮೇಲೆ ಎಳೆದಿದ್ದ ತಂತಿಯಲ್ಲಿ ಸಾಲುಸಾಲಾಗಿ ಬಲ್ಬು ಹತ್ತಿದವು. ಪಕ್ಕದ ಅರ್ಧ ಎಕರೆ ಕತ್ತಲೆಯಲ್ಲೇ ಉಳಿಯಿತು.

"ಯಾನಾ ಇದು, ಮದ್ವೆಗಿದ್ವೆ ಅದಾ?" ಎಂದ ಶಿವರಾಮು.

"ಮದ್ವೆ ಅಲ್ಲ ಭಾವ, ಅವ್ಕ ಇನ್ನೂ ಮೈನೆರೆಯಾಕೆ ಬುಟ್ಟಿಲ್ಲ!" ನಾಗಯ್ಯ ನಕ್ಕ. "ಲೈಟ್ ಇರಗಂಟ ಇವು ಮೊಗ್ಗು ಕಟ್ಟಾಕಿಲ್ಲ. ಬರೀ ಎಲೆ ಬೆಳೀತಾ ನಿಂತಿರ್ತವೆ. ಈಗ್ಲೇ ಎಲ್ಲಾ ಹೂ ಬಂದ್ರೆ ಕೇಳೋರ್ಯಾರು? ಆ ಕಡೇದು ದೀಪಾವಳಿ ಆದ್ಮೇಲೆ ಬತ್ತದೆ, ಅದ್ಕೆ ಕತ್ಲು. ಈ ಕಡೇದು ಸಂಕ್ರಾಂತಿಗೆ ಬೇಕು, ಅದ್ಕೆ ಬೆಳಕು ಹಾಕಿ ಹಿಡ್ದಿವ್ನಿ."

ಶಿವರಾಮು ಕತ್ತಲೆಯ ಸಾಲುಗಳ ಕಡೆ ತಿರುಗಿ ಕೇಳಿದ.

"ಕತ್ಲಾದ್ರೆ ಮೊಗ್ಗು ಕಟ್ತದಾ?"

"ಸಂಜೆಯಿಂದ ಬೆಳಗಾಗಗಂಟ ಕತ್ಲು ಬೇಕು. ದಿನಾ. ನಡ್ವೆ ಲೈಟ್ ಬಿದ್ರೂ ಕೆಟ್ಟೋಯ್ತದೆ. ಹಂಗೆ ಬುಟ್ರೆ ಏಳೆಂಟು ವಾರಕ್ಕೆ ಹೂವ. ಯಾಕ ಭಾವ, ನಮ್ ರಂಜಿ ಗಿಡ ಹೂ ಬುಡ್ತಾ?"

"ಇಲ್ಲ ಕಣ್ಲಾ, ಬೆಳೀತಾ ಅದೆ," ಎಂದ ಶಿವರಾಮು.

ವರ್ಷದ ಎಡೆಗೆ ಎಂಟು ವಾರ, ಒಂದು ದಿನ ಉಳಿದಿತ್ತು.

ಮರುದಿನ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ. ತೆರಕಣಾಂಬಿ ಅವನು ಹುಟ್ಟಿದ ಊರು. ಮಗಳನ್ನು ಮಣ್ಣು ಮಾಡಿದ್ದೂ ಅಲ್ಲೇ, ಅವರ ತುಂಡು ಹೊಲದ ಮೂಲೆಯಲ್ಲಿ. ಬಸ್ಸು ಅಲ್ಲಿ ನಿಂತಾಗ ಅವನು ಇಳಿಯಲಿಲ್ಲ. ಚಿಕ್ಕಂದಿನಲ್ಲಿ ತಾತ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ತಂಬೂರಿ ಬೋರಯ್ಯನ ಕಥೆ ಕೇಳಲು ಇದೇ ಊರ ಬೀದಿಯಲ್ಲಿ ಒಯ್ಯುತ್ತಿದ್ದ. ಬೋರಯ್ಯ ಹಾಡುವಾಗ ಒಂದು ಜಾಗದಲ್ಲಿ ಯಾವಾಗಲೂ ನಿಲ್ಲಿಸುತ್ತಿದ್ದ. ಕಥೆಯೊಳಗಿನ ಹೆಂಗಸೋ ಗಂಡಸೋ ದೇವರಿಗೆ ಒಂದು ಮಾತು ಕೊಡುವ ಜಾಗ ಅದು. ಮಾತು ಕೊಟ್ಟದ್ದಾಯಿತು ಎಂದ ಮೇಲೆ ಬಾಯಿ ಮುಚ್ಚಿ, ತಂಬೂರಿಯನ್ನು ಮಾತ್ರ ಮೀಟುತ್ತ ಕೂರುತ್ತಿದ್ದ. ಕೇಳುವವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ಇನ್ನು ಹಿಂದಕ್ಕೆ ಬರುವುದಿಲ್ಲ ಎಂಬುದು ಚಿಕ್ಕ ಮಕ್ಕಳಿಗೂ ತಿಳಿಯುತ್ತಿತ್ತು. ಮಾತು ಕೊಟ್ಟವರನ್ನು ದೇವರು ಕೂಡ ಬಿಡಿಸಿದ್ದನ್ನು ಬೋರಯ್ಯ ಒಂದು ಸಲವೂ ಹಾಡಲಿಲ್ಲ.

ಸ್ವಿಚ್ಚಿನ ಮೇಲೆ ತನ್ನ ಬೆರಳೂ ಇತ್ತು ಎಂದುಕೊಂಡ ಶಿವರಾಮು.

ಮನೆಗೆ ಬಂದಾಗ ಚಿಕ್ಕನಿಂಗಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವನು ಕಾಲು ತೊಳೆಯದೆ ನೇರ ಕೋಣೆಗೆ ಹೋದ. ದೀಪ ಆರಿಸಬಾರದು, ಸರಿ. ಉರಿಯಲಿ. ಗಿಡಕ್ಕೆ ಮಾತ್ರ ಕತ್ತಲಾದರೆ ಸಾಕಲ್ಲ? ಮಂಚದ ಮೇಲೆ ಮಡಿಸಿಟ್ಟಿದ್ದ ಕರಿ ಕಂಬಳಿಯನ್ನು ಕೊಡವಿ, ಎರಡು ಪದರ ಮಾಡಿ, ಗಿಡದ ಸುತ್ತ ನಾಲ್ಕು ಕಡ್ಡಿ ನೆಟ್ಟು ಮೇಲಿಂದ ಹೊದಿಸಿದ. ಬುಡದಲ್ಲಿ ಸಂದು ಉಳಿಯದಂತೆ ಒತ್ತಿದ. ಬಲ್ಬುಗಳು ಕಂಬಳಿಯ ಮೇಲೆ ಉರಿಯುತ್ತಿದ್ದವು. ಇದು ನಡೆಯುತ್ತದೆ ಎಂದು ಅವನಿಗೆ ಅನ್ನಿಸಿತು. ಆ ವರ್ಷದಲ್ಲಿ ಮೊದಲ ಸಲ ಅವನ ಎದೆ ಹಗುರಾಯಿತು.

ಹಿಂದಿನಿಂದ ಒಂದು ಸದ್ದು ಬಂತು. ಅದು ಅಳುವಲ್ಲ, ಕೂಗಲ್ಲ. ಚಿಕ್ಕನಿಂಗಮ್ಮ ಒದ್ದೆ ಕೈಯಲ್ಲಿ ಬಂದು ಕಂಬಳಿಯನ್ನು ಕಿತ್ತೆಳೆದಳು. ಎರಡು ರೆಂಬೆ ಅದರ ಜೊತೆಗೇ ಮುರಿದು ಬಂದವು.

"ಅವಳ ಮಕ ಮುಚ್ಚಿದ್ದು ಸಾಲ್ದಾ ನಿಮ್ಗೆ? ಅದೇ ಕಂಬ್ಳೀಲಿ? ಅದೇ ಕಂಬ್ಳೀಲಿ?"

ಆಗ ಅವನಿಗೆ ನೆನಪಾಯಿತು. ಚಳಿಜ್ವರದಲ್ಲಿ ನಡುಗುತ್ತಿದ್ದ ಮಗಳಿಗೆ ಹೊದಿಸಿದ್ದು ಅದನ್ನೇ. ಒಂಬತ್ತನೇ ದಿನ ಬೆಳಿಗ್ಗೆ ಮುಖದ ಮೇಲೆ ಎಳೆದದ್ದೂ ಅದನ್ನೇ, ತನ್ನ ಕೈಯಿಂದಲೇ.

ಅವನು ನೆಲದ ಮೇಲೆ ಕೂತ. ಕೂತು ಎಲ್ಲ ಹೇಳಿದ. ನಾಗಯ್ಯನ ಹೊಲ, ಬೆಳಕಿನ ಅರ್ಧ ಎಕರೆ, ಕತ್ತಲೆಯ ಅರ್ಧ ಎಕರೆ. ಈ ಬಲ್ಬುಗಳು ಉರಿಯುವವರೆಗೆ ಆ ಗಿಡ ಮೊಗ್ಗು ಕಟ್ಟುವುದಿಲ್ಲ. ಮೊಗ್ಗು ಕಟ್ಟದೆ ಹೂವಿಲ್ಲ.

ಅವಳು ಮುರಿದ ರೆಂಬೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು. ಸಣ್ಣ ಫ್ಯಾನು ಗುಂಯ್ ಎನ್ನುತ್ತಿತ್ತು.

"ಹೂವ ಇಲ್ದೆ ಶಾಂತ ಮಾಡಾಕಿಲ್ಲ ಅಂದಿವ್ನಿ."

"ಅಂದಿದೀಯ."

"ಶಾಂತ ಮಾಡ್ದೆ ಹೂವ ಬರಾಕಿಲ್ಲ ಅಂತೀರ."

"ನಾನಲ್ಲ ಕಣಮ್ಮಿ ಅನ್ನಾದು. ಗಿಡದ ಗುಣ ಅದು."

"ಮಾತ ತಪ್ಪಿದ್ರೆ ಅವಳಿಗೆ ಏನಾದ್ರೂ ಆದ್ರೆ?"

ಸತ್ತವಳಿಗೆ ಇನ್ನೇನು ಆಗುತ್ತದೆ ಎಂದು ಅವನು ಕೇಳಲಿಲ್ಲ. ಅವನಿಗೂ ಅದೇ ಭಯವಿತ್ತು.

ಎರಡು ದಿನ ಕಳೆದು, ಮುದ್ದೆ ಬಡಿಸುತ್ತ ಅವಳು ತಟ್ಟೆಯನ್ನೇ ನೋಡಿಕೊಂಡು ಹೇಳಿದಳು: "ತಾನಾಗೇ ಕರೆಂಟ್ ಹೋದ್ರೆ ನಾವು ಆರಿಸ್ದಂಗೆ ಆಗಾಕಿಲ್ಲ, ಅಲ್ವರಾ?"

ಶಿವರಾಮುವಿನ ಕೈ ತುತ್ತಿನ ಮೇಲೇ ನಿಂತಿತು. "ಇನ್ವರ್ಟರ್ ಅದೆಯಲ್ಲ."

"ಅದ ನೀವು ನೋಡ್ಕಳಿ. ನಂಗೆ ಹೇಳ್ಬ್ಯಾಡಿ."

ಅವನು ಬ್ಯಾಟರಿಯನ್ನು ಬಿಚ್ಚಿ, ನೀರು ಬತ್ತಿದೆಯೆಂದು ತನಗೆ ತಾನೇ ಹೇಳಿಕೊಂಡು, ಅಂಗಡಿಗೆ ಹೊತ್ತುಕೊಂಡು ಹೋದ. ಅಂದಿನಿಂದ ಆ ಬೀದಿಯಲ್ಲಿ ಕರೆಂಟ್ ಹೋಗಲಿ ಎಂದು ಕಾಯುವ ಮನೆ ಅದೊಂದೇ.

ಹೋದ ವರ್ಷ ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದ ಕರೆಂಟ್ ಈ ಸಲ ಹೋಗಲೇ ಇಲ್ಲ. ಮಳೆ ಚೆನ್ನಾಗಿ ಆಗಿತ್ತು. ಬೀದಿಯ ತುದಿಯಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದರು. ಸಂಜೆಯಾದರೆ ಗಂಡ ಹೆಂಡತಿ ಬಾಗಿಲ ಹೊಸಿಲ ಮೇಲೆ ಒಬ್ಬರ ಪಕ್ಕ ಒಬ್ಬರು ಕೂತು, ಬೀದಿದೀಪ ನೋಡುತ್ತಿದ್ದರು. ಒಮ್ಮೆ ಲೈನ್ ಕೆಲಸ ಅಂತ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ತೆಗೆದು ಸಂಜೆ ಐದಕ್ಕೆ ಕೊಟ್ಟರು. ಕತ್ತಲು ಬೇಕಾದ ಹೊತ್ತಿಗೆ ಸರಿಯಾಗಿ ಬೆಳಕು ಬಂತು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಏಳು ಗಂಟೆಗೆ ಹೋಯಿತು. ಬೀದಿಯ ಅಷ್ಟೂ ಮನೆಗಳಿಂದ "ಅಯ್ಯೋ" ಎಂಬ ಕೂಗು ಎದ್ದಿತು. "ಸರ್ಯಾಗಿ ಧಾರಾವಾಹಿ ಟೈಮಿಗೇ ತೆಗೀತಾರಲ್ಲ ಇವ್ರ ಮನೆ ಹಾಳಾಗ!" ಎಂದು ದಾನೇಶ್ವರಿ ಮಹಡಿಯಿಂದ ಬೈದಳು. ಒಳಗೆ ಕಿಟಕಿಯಿಲ್ಲದ ಕೋಣೆ ಗವಿಯಂತಾಯಿತು. ಆರು ತಿಂಗಳ ಮೇಲೆ ಮೊದಲ ಸಲ ರಾತ್ರಿ ಹೊತ್ತಿನಲ್ಲಿ ಸಣ್ಣ ಫ್ಯಾನಿನ ಸದ್ದು ನಿಂತಿತ್ತು. ಇಬ್ಬರೂ ಗಿಡದ ಪಕ್ಕ ಕೂತರು. ಕಾಣದಿದ್ದರೂ ಎಲೆಯ ವಾಸನೆ ಬರುತ್ತಿತ್ತು. ಚಿಕ್ಕನಿಂಗಮ್ಮ ಕತ್ತಲೆಯಲ್ಲಿ ಅವನ ಕೈ ಹುಡುಕಿ ಹಿಡಿದುಕೊಂಡಳು. ಮಗಳು ಹೋದ ಮೇಲೆ ಅವಳು ಅವನ ಕೈ ಹಿಡಿದಿರಲಿಲ್ಲ.

"ಇರ್ಲಿ, ಇರ್ಲಿ," ಎಂದು ಪಿಸುಗುಟ್ಟಿದಳು. "ಬೆಳಗಾಗಗಂಟ ಇರ್ಲಿ ಮಾದಪ್ಪ."

ಒಂದು ದಿನ ಸಾಲದು, ದಿನಾ ಹೋಗಬೇಕು, ಇನ್ನು ಉಳಿದ ದಿನಗಳಲ್ಲಿ ಹೋದರೂ ಹೊತ್ತು ಮೀರಿದೆ. ಶಿವರಾಮುವಿಗೆ ಅದೆಲ್ಲ ಗೊತ್ತಿತ್ತು. ಅವನು ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಏಳು ನಲವತ್ತಕ್ಕೆ ಬೀದಿಯ ಮಕ್ಕಳೆಲ್ಲ "ಓ" ಎಂದು ಕೂಗಿದವು. ನಾಲ್ಕು ಬಲ್ಬೂ ಒಂದು ಕ್ಷಣ ತಡೆದು, ಮಂಕಾಗಿ ಹತ್ತಿ, ಬೆಳ್ಳಗಾದವು. ಚಿಕ್ಕನಿಂಗಮ್ಮ ಕೈ ಬಿಟ್ಟಳು.

ಮಾರನೆಯ ಸಂಜೆ ಅವನು ಮೀಟರ್ ಬೋರ್ಡಿನ ಮುಂದೆ ನಿಂತಿದ್ದ. ಬಿಳಿ ಪಿಂಗಾಣಿಯ ಫ್ಯೂಸು, ಹೆಬ್ಬೆರಳು ತೋರುಬೆರಳಲ್ಲಿ ಹಿಡಿದೆಳೆದರೆ ಸಾಕು. ಸಾವಿರ ಸಲ ಎಳೆದ ಕೈ. ಒಳಗೆ ಹೋಗಿ ಕರೆಂಟ್ ಹೋಯಿತು ಎಂದರೆ ಅವಳು ನಂಬುತ್ತಾಳೆ. ಬೀದಿದೀಪ ಉರಿಯುತ್ತಿದ್ದರೂ ನಂಬುತ್ತಾಳೆ, ಯಾಕೆಂದರೆ ನಂಬಬೇಕೆಂದು ಅವಳಿಗೂ ಇದೆ. ಅವನು ಬೆರಳಿಟ್ಟ. ಪಿಂಗಾಣಿ ತಣ್ಣಗಿತ್ತು. ಎಲ್ಲೋ ತಂಬೂರಿಯೊಂದೇ ಮಿಡಿಯುತ್ತಿದ್ದಂತಾಯಿತು.

"ಏನ್ ಶಿವರಾಮಣ್ಣ, ಮೀಟ್ರು ನೋಡ್ತಿದ್ದೀರಾ?" ದಾನೇಶ್ವರಿ ಮೆಟ್ಟಿಲು ಇಳಿಯುತ್ತಿದ್ದಳು. "ಹಗಲೂ ರಾತ್ರಿ ಉರಿಸಿದ್ರೆ ಓಡ್ದೆ ಏನ್ಮಾಡ್ತದೆ ಅದು?"

ಅವನು ಬೆರಳು ತೆಗೆದ.

ವರ್ಷದ ಎಡೆಯ ದಿನ ಬೆಳಿಗ್ಗೆ ಗಿಡ ಎರಡು ಮೊಳ ಎತ್ತರ, ಒಂದು ತೋಳಿನ ತೆಕ್ಕೆಯಷ್ಟು ಅಗಲ ಇತ್ತು. ಅಂಥ ಹಸಿರು ಗಿಡವನ್ನು ಶಿವರಾಮು ನೋಡಿರಲಿಲ್ಲ. ಚಿಕ್ಕನಿಂಗಮ್ಮ ಮಂಡಿಯೂರಿ, ಪ್ರತಿ ಕುಡಿಯನ್ನೂ ಎರಡು ಬೆರಳಿನಲ್ಲಿ ಬಿಡಿಸಿ ನೋಡಿದಳು. ಎಲೆಯೊಳಗೆ ಎಲೆ, ಅದರೊಳಗೆ ಇನ್ನೂ ಸಣ್ಣ ಎಲೆ. ಕೊನೆಗೆ ಐದು ಕುಡಿಗಳನ್ನು ಚಿವುಟಿ ಸೆರಗಿನಲ್ಲಿ ಕಟ್ಟಿಕೊಂಡಳು.

ತೆರಕಣಾಂಬಿಯ ಹೊಲದಲ್ಲಿ ನಾಗಯ್ಯ ಆಗಲೇ ಬಂದು ಸಮಾಧಿಯ ಮೇಲಿನ ಹುಲ್ಲು ಕಿತ್ತಿದ್ದ. ಒಂದು ಮಂಕರಿ ತುಂಬ ಸೇವಂತಿಗೆ ತಂದಿದ್ದ. ಕತ್ತಲೆಯ ಅರ್ಧ ಎಕರೆಯದು. ಒಂದೊಂದು ಹೂವೂ ಅಂಗೈಯಗಲ, ಹಳದಿ.

"ಅಕ್ಕ, ತಕ್ಕೊ. ಎಷ್ಟು ಬೇಕೊ ಅಷ್ಟು ಸುರೀ."

"ನೀನೇ ಮಡಗಪ್ಪ. ಅವಳ ಸ್ವಾದರಮಾವ ಅಲ್ವಾ ನೀನು."

ಅವನು ಸುರಿದ. ಮಣ್ಣು ಕಾಣದಂತೆ ಹಳದಿಯಾಯಿತು. ಎಡೆ ಇಟ್ಟು, ಕಾಯಿ ಒಡೆದು, ಎಲ್ಲ ಮುಗಿದ ಮೇಲೆ ಅವಳು ಸೆರಗಿನ ಗಂಟು ಬಿಚ್ಚಿ ಐದು ಹಸಿರು ಕುಡಿಗಳನ್ನು ತೆಗೆದಳು. ಹೂವುಗಳನ್ನು ಕೈಯಿಂದ ಸರಿಸಿ, ತಲೆಯ ಕಡೆ ಒಂದು ಗೇಣು ಜಾಗ ಬರಿದು ಮಾಡಿ, ಅಲ್ಲಿ ಇಟ್ಟಳು. ಬಸ್ಸಿನಲ್ಲಿ ಬಂದ ಕಾವಿಗೆ ಕುಡಿಗಳು ಬಾಡಿದ್ದವು.

ನಾಗಯ್ಯ ಬಗ್ಗಿ ನೋಡಿದ. "ಯಾಕಕ್ಕ, ಹೂವ ಬುಡ್ಲಿಲ್ವಾ ಅದು? ಈಗ ಬುಡಾ ಕಾಲ ಅಲ್ವಾ?"

ಶಿವರಾಮು ಹೆಂಡತಿಯ ಮುಖ ನೋಡಿದ. ಅವಳು ಮಣ್ಣು ನೋಡುತ್ತಿದ್ದಳು.

"ನನ್ ಬಲ್ಬು ಸರ್ಯಾಗ್ಲಿಲ್ಲ ಕಣ್ಲಾ ನಾಗಯ್ಯ," ಎಂದ. "ಹಳೇ ಬಲ್ಬು. ಕಾವು ಜಾಸ್ತಿ ಆಗೋಯ್ತು."

"ಎಲ್ಲಾ ರಿಪೇರಿ ಮಾಡ್ತೀನಿ ಅಂತೀರ ನೀವು," ಎಂದು ನಾಗಯ್ಯ ನಗಲು ನೋಡಿದ. ಯಾರೂ ನಗಲಿಲ್ಲ.

ಸಂಜೆಯ ಬಸ್ಸಿಗೆ ಇಬ್ಬರೂ ಹಿಂದಿರುಗಿದರು. ಮನೆಯ ಬೀಗ ತೆಗೆದಾಗ ಅಡುಗೆಮನೆಯ ಆಚೆ ಬಿಳಿ ಬೆಳಕು ಎಂದಿನಂತೆ ಹೊಸಿಲ ಮೇಲೆ ಬಿದ್ದಿತ್ತು. ಎಂದಿನಂತೆ ಅಲ್ಲ, ಸ್ವಲ್ಪ ಕಡಿಮೆ ಇತ್ತು. ನಾಲ್ಕರಲ್ಲಿ ಒಂದು ಬಲ್ಬು ಆರಿತ್ತು. ಬುಡ ಕಪ್ಪಾಗಿತ್ತು.

"ತಾನಾಗೇ ಹೋಗ್ಬುಟ್ಟದೆ," ಎಂದ ಶಿವರಾಮು.

ಅವಳು ಮಂಚದ ತುದಿಯಲ್ಲಿ ಕೂತಳು.

ಉಳಿದ ಮೂರೂ ಅದೇ ಕಾಲದವು. ಒಂದೊಂದಾಗಿ ಹೋಗುತ್ತವೆ, ಒಂದು ತಿಂಗಳೋ ನಾಲ್ಕು ತಿಂಗಳೋ. ಯಾರೂ ಆರಿಸದೆ, ಯಾರೂ ಮಾತು ತಪ್ಪದೆ. ಆಮೇಲೆ ಗಿಡಕ್ಕೆ ಕತ್ತಲು. ಆಮೇಲೆ ಅದನ್ನು ಜಗಲಿಗೆ ಒಯ್ದರೆ ಮುಂದಿನ ಕಾರ್ತಿಕಕ್ಕೆ ಹೂವು. ಅವನು ಸುಮ್ಮನಿದ್ದರೆ ಸಾಕಾಗಿತ್ತು. ಅಟ್ಟದಿಂದ ತಂದು ಮೇಜಿನ ಕೆಳಗಿಟ್ಟಿದ್ದ ಚೀಲದಲ್ಲಿ ಇನ್ನೂ ಮೂವತ್ತು ಬಲ್ಬು ಇರುವುದು ಅವಳಿಗೂ ಗೊತ್ತಿತ್ತು.

ಅವನು ಚೀಲದಿಂದ ಒಂದನ್ನು ತೆಗೆದ. ಪಂಚೆಯ ತುದಿಯಲ್ಲಿ ಧೂಳು ಒರೆಸಿದ. ಗೂಡಿನ ಮುಂದೆ ನಿಂತು, ಬಲ್ಬನ್ನು ಕೈಯಲ್ಲಿ ಹಿಡಿದು ಅವಳ ಕಡೆ ತಿರುಗಿದ. ಬೇಡ ಎನ್ನಲಿ ಎಂದು ಕಾದ. ಅವಳ ತುಟಿ ಅಲ್ಲಾಡಿದಂತೆ ಕಂಡಿತು. ಅವಳೂ ಅವನ ಕೈಯನ್ನೇ ನೋಡುತ್ತಿದ್ದಳು, ಅವನು ಅದನ್ನು ಚೀಲಕ್ಕೆ ಹಾಕಲಿ ಎಂಬಂತೆ.

ಸಣ್ಣ ಫ್ಯಾನು ತಿರುಗುತ್ತಿತ್ತು.

ಅವನು ಸತ್ತ ಬಲ್ಬನ್ನು ಒತ್ತಿ ತಿರುಗಿಸಿ ತೆಗೆದ. ಹೊಸದನ್ನು ಒತ್ತಿ ತಿರುಗಿಸಿದ. ಅದು ಒಂದು ಕ್ಷಣ ತಡೆದು, ಮಂಕಾಗಿ ಹತ್ತಿತು. ಬೆಳ್ಳಗಾಗುವುದರೊಳಗೆ ಚಿಕ್ಕನಿಂಗಮ್ಮ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು.